ಆಫೀಸಿಗೆ ಗೊತ್ತಾಗದ ಹಾಗೆ ಕೆಲಸ ಹುಡುಕೋದು: ಲಿಂಕ್ಡ್‌ಇನ್, ನೌಕ್ರಿ, ಹಳೇ ಫೇಸ್‌ಬುಕ್ ಪೋಸ್ಟ್‌ಗಳು

ಟೆಸ್ಟರ್_ಹಾಸನ
ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ರಾಜೀನಾಮೆ ಕೊಟ್ಟರೆ 90 ದಿನದ ನೋಟಿಸ್ ಪೀರಿಯಡ್. ಬೇರೆ ಕಡೆ ನೋಡ್ತಿರೋದು ಮ್ಯಾನೇಜರ್‌ಗೆ ಗೊತ್ತಾಗಬಾರದು. ಲಿಂಕ್ಡ್‌ಇನ್ ಮುಟ್ಟಿ ವರ್ಷಗಳಾಯ್ತು. ಹೆಸರು ಗೂಗಲ್ ಮಾಡಿದ್ರೆ ಕಾಲೇಜು ಕಾಲದ ಫೇಸ್‌ಬುಕ್ ಜಗಳಗಳೇ ಮೇಲೆ ಬರ್ತವೆ. ಎಲ್ಲ ಅಕೌಂಟ್ ಡಿಲೀಟ್ ಮಾಡಿಬಿಡ್ಲಾ?

ಬೆಂಚಿನಾಚೆ
ಡಿಲೀಟ್ ಬೇಡ. ಹೆಸರು ಹುಡುಕಿದಾಗ ಕೆಲಸದ ಪ್ರೊಫೈಲ್ ಮೇಲೆ ಬರಬೇಕು, ಜಗಳ ಕೆಳಗೆ ಹೋಗಬೇಕು. ಎಲ್ಲ ಅಳಿಸಿದ್ರೆ ಆ ಪ್ರೊಫೈಲೂ ಹೋಗುತ್ತೆ.

ಲಿಂಕ್ಡ್‌ಇನ್‌ನಲ್ಲಿ ಒಂದಕ್ಷರ ಬದಲಿಸೋ ಮುಂಚೆ ಸೆಟ್ಟಿಂಗ್ಸ್‌ನ ವಿಸಿಬಿಲಿಟಿಗೆ ಹೋಗಿ, ಪ್ರೊಫೈಲ್ ಬದಲಾವಣೆಯನ್ನ ನೆಟ್‌ವರ್ಕಿಗೆ ತಿಳಿಸೋ ಸ್ವಿಚ್ ಆಫ್ ಮಾಡಿ. ಎಡಿಟ್ ಆದ್ಮೇಲೆ ಆಫ್ ಮಾಡೋದು ಡಂಗುರ ಸಾರಿದ ಮೇಲೆ ಬಾಯಿಗೆ ಬೀಗ ಹಾಕಿದ ಹಾಗೆ.

'ಓಪನ್ ಟು ವರ್ಕ್'ನಲ್ಲಿ ಎರಡು ಆಯ್ಕೆ. ಎಲ್ಲರಿಗೂ ತೋರಿಸಿದ್ರೆ ಫೋಟೋ ಸುತ್ತ ಹಸಿರು ಪಟ್ಟಿ ಬರುತ್ತೆ. ನಿಮಗೆ ಬೇಕಾಗಿರೋದು 'ರಿಕ್ರೂಟರ್ಸ್ ಓನ್ಲಿ'. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಂದ ಇದನ್ನ ಮರೆಮಾಡೋ ಪ್ರಯತ್ನ ಮಾಡ್ತೀವಿ, ಗ್ಯಾರಂಟಿ ಇಲ್ಲ ಅಂತ ಲಿಂಕ್ಡ್‌ಇನ್ ತಾನೇ ಹೇಳುತ್ತೆ. ಕಂಪನಿ ಹೆಸರು ಬರೀ ಟೈಪ್ ಮಾಡಿ ಬಿಟ್ಟಿದ್ರೆ ಅಲ್ಲೇ ಬರೋ ಪಟ್ಟಿಯಿಂದ ಅಧಿಕೃತ ಪುಟ ಆರಿಸಿ. ನೀವು ಯಾವ ಕಂಪನಿಯವರು ಅಂತ ಸಿಸ್ಟಮ್‌ಗೆ ಗೊತ್ತಾಗ್ಬೇಕಲ್ಲ. ನಿಮ್ಮ ಕಂಪನಿಗೆ ಜನ ಒದಗಿಸೋ ಕನ್ಸಲ್ಟೆನ್ಸಿಗೆ ಬೇರೆಯದೇ ಅಕೌಂಟ್ ಇರುತ್ತೆ, ಅವರಿಗೆ ಕಾಣಿಸಬಹುದು.

ಹೆಸರಿನ ಕೆಳಗೆ ಬರೋ ಹೆಡ್‌ಲೈನಿಗೆ 220 ಅಕ್ಷರದ ಜಾಗ ಇದೆ. ಬರೀ ಹುದ್ದೆ, ಕಂಪನಿ ಹೆಸರು ಹಾಕಿ ಸುಮ್ಮನಾದ್ರೆ ದಂಡ. ಸೆಲೀನಿಯಂ, ಎಪಿಐ ಟೆಸ್ಟಿಂಗ್, ಜಾವಾ, ಹೀಗೆ ರಿಕ್ರೂಟರ್ ಹುಡುಕೋ ಪದಗಳು ಅಲ್ಲಿರಲಿ. ಒಂದೇ ವಾರದಲ್ಲಿ ನಾಲ್ಕು ಜನರ ಹತ್ರ ರೆಕಮೆಂಡೇಶನ್ ಬರೆಸ್ಕೋಬೇಡಿ. ಮ್ಯಾನೇಜರ್‌ಗಳಿಗೆ ಮೊದಲು ಅನುಮಾನ ಬರೋದೇ ಅದರಿಂದ.

ಪರದೆ_ಸರಿಸಿ
ಫೇಸ್‌ಬುಕ್ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಅಂತಿದೆ. ಹಳೇ ಪಬ್ಲಿಕ್ ಪೋಸ್ಟ್‌ಗಳೆಲ್ಲ ಒಂದೇ ಸಲಕ್ಕೆ ಫ್ರೆಂಡ್ಸ್‌ಗೆ ಮಾತ್ರ ಆಗುತ್ತವೆ. ವಾಪಸ್ ಮಾಡಬೇಕಂದ್ರೆ ಒಂದೊಂದೇ ಬದಲಿಸಬೇಕು, ಯೋಚಿಸಿ ಒತ್ತಿ.

ಆದರೆ ಜಗಳ ನಡೆದಿರೋದು ಸಾಮಾನ್ಯವಾಗಿ ಬೇರೆಯವರ ಪೇಜಿನ ಕಾಮೆಂಟ್‌ನಲ್ಲಿ. ಅದಕ್ಕೆ ಈ ಬಟನ್ ನಾಟೋದಿಲ್ಲ. ಆಕ್ಟಿವಿಟಿ ಲಾಗ್‌ನಲ್ಲಿ ಕಾಮೆಂಟ್ಸ್ ತೆರೆದು ವರ್ಷವಾರು ಅಳಿಸಿ. ಸರ್ಚ್ ಎಂಜಿನ್‌ಗಳು ಪ್ರೊಫೈಲಿಗೆ ಲಿಂಕ್ ಮಾಡಬಹುದಾ ಅನ್ನೋ ಸೆಟ್ಟಿಂಗ್‌ಗೂ 'ನೋ' ಕೊಡಿ.

ಅಳಿಸಿದ ಮೇಲೂ ಗೂಗಲ್‌ನಲ್ಲಿ ಹಳೇ ಸಾಲುಗಳು ಕಾಣಿಸ್ತಿದ್ರೆ 'ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್' ಅನ್ನೋ ಗೂಗಲ್ ಪುಟದಲ್ಲಿ ಆ ಲಿಂಕ್ ಹಾಕಿ. ಮೂಲ ಪುಟ ಇನ್ನೂ ಹಾಗೇ ಇದ್ದರೆ ಅರ್ಜಿ ತಿರಸ್ಕಾರ ಆಗುತ್ತೆ. ಪರೀಕ್ಷಿಸೋವಾಗ ಇನ್‌ಕಾಗ್ನಿಟೋದಲ್ಲಿ, ಹೆಸರನ್ನ ಉದ್ಧರಣ ಚಿಹ್ನೆಯೊಳಗಿಟ್ಟು, ಪಕ್ಕಕ್ಕೆ ಊರೋ ಕಾಲೇಜೋ ಸೇರಿಸಿ ಹುಡುಕಿ.

ಇನಿಶಿಯಲ್_ತಕರಾರು
ನಮ್ಮ ಕಡೆಯವರ ತಲೆನೋವು ಇನ್ನೊಂದಿದೆ. ಲಿಂಕ್ಡ್‌ಇನ್‌ನಲ್ಲಿ ಇನಿಶಿಯಲ್ ಹಿಂದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಮುಂದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಪ್ಯಾನ್ ಮತ್ತು ಪಿಎಫ್‌ನಲ್ಲಿರೋ ಹೆಸರನ್ನೇ ರೆಸ್ಯೂಮೆ, ಪ್ರೊಫೈಲ್ ಎರಡರಲ್ಲೂ ಇಡಿ. ಸೇರಿದ-ಬಿಟ್ಟ ತಿಂಗಳುಗಳೂ ಪಿಎಫ್ ಸರ್ವಿಸ್ ಹಿಸ್ಟರಿಗೆ ತಾಳೆಯಾಗಲಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಅದನ್ನೇ ನೋಡೋದು.

ನೌಕ್ರಿ ಜಾಬ್ ಸೈಟ್‌ನಲ್ಲಿ ಕಂಪನಿ ಬ್ಲಾಕ್ ಮಾಡೋ ಆಯ್ಕೆ ಇದೆ. ಗ್ರೂಪ್ ಕಂಪನಿಗಳ ಹೆಸರೂ ಸೇರಿಸಿ. ಅಲ್ಲಿ ಹಾಕೋ ರೆಸ್ಯೂಮೆಯಿಂದ ಜನ್ಮದಿನಾಂಕ, ತಂದೆ ಹೆಸರು, ಖಾಯಂ ವಿಳಾಸ, ಕೊನೆಯ ಡಿಕ್ಲರೇಶನ್, ಸಹಿ ಎಲ್ಲ ತೆಗೀರಿ. ಎಷ್ಟು ಜನ ಡೌನ್‌ಲೋಡ್ ಮಾಡ್ತಾರೋ ದೇವರೇ ಬಲ್ಲ. ಸಾಧ್ಯವಾದ್ರೆ ಬೇರೆ ಇಮೇಲ್, ಎರಡನೇ ಸಿಮ್ ನಂಬರ್ ಕೊಡಿ. ಕೆಲಸ ಸಿಕ್ಕಿದ ಮೇಲೂ ಕರೆಗಳು ನಿಲ್ಲೋದಿಲ್ಲ.

ಕಮಿಟ್_ಹಿಸ್ಟರಿ
ಟೆಸ್ಟಿಂಗ್‌ನವರು ಅಂದ್ರಲ್ಲ, ಕೋಡ್ ಹಾಕಿಡೋ ಗಿಟ್‌ಹಬ್ ಸೈಟ್‌ನಲ್ಲಿ ನಿಮ್ಮದೇನಿದೆ ನೋಡ್ಕೊಳ್ಳಿ. ಸ್ಕ್ರಿಪ್ಟ್ ಒಳಗೆ ಪಾಸ್‌ವರ್ಡ್ ಇದ್ದ ಫೈಲ್ ಅಳಿಸಿ ಹೊಸ ಕಮಿಟ್ (ಬದಲಾವಣೆ ಸೇವ್ ಮಾಡೋದು) ಮಾಡಿದ್ರೂ ಹಳೇ ಕಮಿಟ್‌ನಲ್ಲಿ ಅದು ಹಾಗೇ ಇರುತ್ತೆ. ಮೊದಲು ಪಾಸ್‌ವರ್ಡ್ ಬದಲಾಗಲಿ, ಆಮೇಲೆ ರೆಪೋ (ಆ ಫೈಲ್‌ಗಳಿರೋ ಇಡೀ ಪ್ರಾಜೆಕ್ಟ್ ಫೋಲ್ಡರ್) ತೆಗೆದು ಹೊಸದಾಗಿ ಹಾಕಿ. ಕಂಪನಿ ಕೋಡ್ ಆಗಿದ್ರೆ ಹಾಕಲೇಬೇಡಿ.

ಟೆಸ್ಟರ್_ಹಾಸನ
ಎಲ್ಲರಿಗೂ ಥ್ಯಾಂಕ್ಸ್. ನೌಕ್ರಿಯಲ್ಲಿ ನೋಟಿಸ್ ಪೀರಿಯಡ್ 3 ತಿಂಗಳು ಅಂತ ಹಾಕಿದ್ರೆ ಕರೆಯೇ ಬರಲ್ಲ. 1 ತಿಂಗಳು ಅಂತ ಹಾಕ್ಲಾ?

ಬೆಂಚಿನಾಚೆ
ಬೇಡ, ಆಫರ್ ಹಂತದಲ್ಲಿ ಸಿಕ್ಕಿಬೀಳ್ತೀರಿ. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಬೈಔಟ್‌ಗೆ, ಅಂದ್ರೆ ಉಳಿದ ನೋಟಿಸ್ ದಿನಗಳಿಗೆ ದುಡ್ಡು ಕಟ್ಟಿ ಬೇಗ ಹೊರಡೋದಕ್ಕೆ, ಅವಕಾಶ ಇದೆಯಾ ನೋಡಿ. ಇದ್ದರೆ ರೆಸ್ಯೂಮೆ ಹೆಡ್‌ಲೈನ್‌ನಲ್ಲೇ ಬರೀರಿ. ರಾಜೀನಾಮೆ ಕೊಟ್ಟ ದಿನವೇ 'ಸರ್ವಿಂಗ್ ನೋಟಿಸ್ ಪೀರಿಯಡ್' ಆರಿಸಿ ಕೊನೆಯ ದಿನಾಂಕ ಹಾಕಿ.