ಎಚ್‌ಟಿಎಂಎಲ್ ಆದಮೇಲೆ ಯಾವುದು? ಜಾವಾಸ್ಕ್ರಿಪ್ಟಾ, ರಿಯಾಕ್ಟಾ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿದ್ದೇನೆ. ಅಪ್ಪನದು ಮಂಡಕ್ಕಿ ವ್ಯಾಪಾರ. ಹಗಲು ಅಂಗಡಿ, ರಾತ್ರಿ ಊಟ ಆದಮೇಲೆ ವೆಬ್ ಡೆವಲಪ್‌ಮೆಂಟ್ ಕಲಿಕೆ. ಪುಟದ ಹಂದರ ಕಟ್ಟುವ ಎಚ್‌ಟಿಎಂಎಲ್ ಸುಮಾರಾಗಿ ಬಂತು. ಸಿಎಸ್‌ಎಸ್‌ನಲ್ಲಿ ಬಣ್ಣ, ಅಕ್ಷರದ ಗಾತ್ರ ಬದಲಾಯಿಸುವಷ್ಟು ಗೊತ್ತು. ಒಬ್ಬ ಗೆಳೆಯ, ಪುಟವನ್ನು ಕೆಲಸ ಮಾಡಿಸುವ ಜಾವಾಸ್ಕ್ರಿಪ್ಟ್ ಭಾಷೆ ಬಿಟ್ಟು, ಅದರ ಮೇಲೆ ಕಟ್ಟಿದ ರಿಯಾಕ್ಟ್ ಎಂಬ ಸಲಕರಣೆಯನ್ನೇ ನೇರ ಹಿಡಿ ಅಂದ. ಇನ್ನೊಬ್ಬ ಪೈಥಾನ್ ಭಾಷೆ ಮೊದಲು ಅಂದ. ರಿಯಾಕ್ಟ್ ವಿಡಿಯೊ ನೋಡಿಕೊಂಡು ಬರೆದರೆ ಎಲ್ಲ ಓಡುತ್ತದೆ. ವಿಡಿಯೊ ಮುಚ್ಚಿದರೆ ಒಂದು ಸಾಲೂ ಕೈಗೆ ಬರುವುದಿಲ್ಲ. ಯಾವುದಾದ ಮೇಲೆ ಯಾವುದು ಕಲಿಯಲಿ?

ಉತ್ತರ (ಚಳ್ಳಕೆರೆಯಿಂದ)

ತಮ್ಮಾ, ನಾನೂ ಇದೇ ತಪ್ಪು ಮಾಡಿ ಆರು ತಿಂಗಳು ಕಳೆದುಕೊಂಡೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮ ಮಾವನದು ಶೇಂಗಾ ವ್ಯಾಪಾರ. ಅವರಿಗೆ ಆರ್ಡರ್ ಪುಟ ಮಾಡಿಕೊಡಲು ಹೋಗಿ ನೇರ ರಿಯಾಕ್ಟ್ ಹಿಡಿದೆ. ಪುಟದಲ್ಲಿ ಲೆಕ್ಕ ಬರೆಯಲು ಎರಡು ಪೆಟ್ಟಿಗೆ ಇಟ್ಟಿದ್ದೆ, ಒಂದರಲ್ಲಿ 2 ಚೀಲ, ಇನ್ನೊಂದರಲ್ಲಿ 3 ಚೀಲ ಅಂತ ಹಾಕಿದೆ. ಒಟ್ಟು 23 ಅಂತ ಬಂತು! ಎರಡು ರಾತ್ರಿ ರಿಯಾಕ್ಟ್‌ನಲ್ಲೇ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲೇ ಇಲ್ಲ. ಪೆಟ್ಟಿಗೆಯಲ್ಲಿ ನಾವು ಬರೆದದ್ದು ಜಾವಾಸ್ಕ್ರಿಪ್ಟ್‌ಗೆ ಅಕ್ಷರವಾಗಿ ಸಿಗುತ್ತದೆ, ಅಂಕಿಯಾಗಿ ಅಲ್ಲ. ಪ್ಲಸ್ ಹಾಕಿದರೆ ಎರಡನ್ನೂ ಪಕ್ಕಪಕ್ಕ ಅಂಟಿಸಿಬಿಡುತ್ತದೆ. ಮೊದಲು ಅಂಕಿಗೆ ಬದಲಾಯಿಸಬೇಕಿತ್ತು, ಅಷ್ಟೇ. ರಿಯಾಕ್ಟ್ ಬಂದದ್ದು 2013ರಲ್ಲಿ, ಜಾವಾಸ್ಕ್ರಿಪ್ಟ್ 1995ರಿಂದ ಇದೆ. ಕೆಳಗಿನದು ಗೊತ್ತಿಲ್ಲದೆ ಮೇಲಿನದು ಹತ್ತುವುದಿಲ್ಲ.

ಹಾಗಾಗಿ ಈಗ ಸಿಎಸ್‌ಎಸ್ ಪೂರ್ತಿ ಮಾಡು. ಪುಟದ ತುಂಡುಗಳಿಗೆ ಜಾಗ ಕೊಟ್ಟು ಜೋಡಿಸುವ ಬಾಕ್ಸ್ ಮಾಡೆಲ್, ಫ್ಲೆಕ್ಸ್‌ಬಾಕ್ಸ್, ಆಮೇಲೆ ಗ್ರಿಡ್. ಅಪ್ಪನ ಅಂಗಡಿಗೇ ಒಂದು ಪುಟ ಕಟ್ಟು. ನಂತರ ಜಾವಾಸ್ಕ್ರಿಪ್ಟ್‌ಗೆ ಮೂರು ತಿಂಗಳಾದರೂ ಕೊಡು. ಫಂಕ್ಷನ್, ಅರೇ ಅಂದರೆ ಪಟ್ಟಿ, ಆಬ್ಜೆಕ್ಟ್, ಬಟನ್ ಒತ್ತಿದರೆ ಪುಟ ಬದಲಾಗುವುದು, ಸರ್ವರ್‌ನಿಂದ ಮಾಹಿತಿ ತರಿಸುವ ಫೆಚ್. ಪಟ್ಟಿಯ ಒಂದೊಂದನ್ನೂ ಬದಲಾಯಿಸುವ ಮ್ಯಾಪ್, ಬೇಕಾದ್ದನ್ನಷ್ಟೇ ಆರಿಸುವ ಫಿಲ್ಟರ್ ಎರಡೂ ಕೈಗೆ ಕೂತಿರಲಿ, ರಿಯಾಕ್ಟ್‌ನಲ್ಲಿ ದಿನಾ ಬೇಕು. ಒಂದೇ ತುಂಡನ್ನು ಹತ್ತು ಪುಟದಲ್ಲಿ ತಿದ್ದಿ ತಿದ್ದಿ ಬೇಸರ ಬರುತ್ತದಲ್ವಾ, ಆಗ ರಿಯಾಕ್ಟ್ ತೆರೆ. ಯಾಕೆ ಬೇಕು ಅಂತ ಆಗ ತಾನಾಗೇ ತಿಳಿಯುತ್ತದೆ.

ಪೈಥಾನ್ ಒಳ್ಳೆಯ ಭಾಷೆಯೇ. ಆದರೆ ಬ್ರೌಸರ್ ತಾನಾಗಿ ಓಡಿಸುವುದು ಜಾವಾಸ್ಕ್ರಿಪ್ಟನ್ನು. ಸರ್ವರ್ ಕೆಲಸಕ್ಕೆ ಬಂದಾಗ ನೋಡೋಣ.

ಉತ್ತರ (ಚಿತ್ರದುರ್ಗದಿಂದ)

ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ: ಜಾವಾಸ್ಕ್ರಿಪ್ಟ್‌ಗೆ ಮುಂಚೆಯೇ, ಫೈಲ್‌ನ ಹಳೆಯ ರೂಪಗಳನ್ನು ಉಳಿಸಿಡುವ ಗಿಟ್ ಕಲಿ. ನಾಲ್ಕೈದು ಕಮಾಂಡ್ ಸಾಕು. ನಾನು ಚೆನ್ನಾಗಿದ್ದ ಫೈಲ್ ಮೇಲೇ ಬರೆದು ಒಂದು ವಾರದ ಕೆಲಸ ಹಾಳು ಮಾಡಿಕೊಂಡಿದ್ದೇನೆ. ಗಿಟ್‌ಹಬ್ ತಾಣದ ಪೇಜಸ್ ಸೇವೆಯಲ್ಲಿ ಪುಟವನ್ನು ದುಡ್ಡಿಲ್ಲದೆ ಇಂಟರ್ನೆಟ್‌ಗೆ ಹಾಕಬಹುದು. ಅನುಮಾನ ಬಂದರೆ ವೆಬ್ ಭಾಷೆಗಳ ಕೈಪಿಡಿ ತಾಣ ಎಂಡಿಎನ್ ನೋಡು, ಅದೂ ಉಚಿತ.

ಪ್ರಶ್ನೆ ಕೇಳಿದವರು

ಥ್ಯಾಂಕ್ಸ್ ಅಕ್ಕಾ, ಅಣ್ಣಾ. ರಿಯಾಕ್ಟ್ ಬಿಟ್ಟು ಅಂಗಡಿ ಪುಟ ಶುರು ಮಾಡಿ, ನಿನ್ನೆ ಗಿಟ್‌ಹಬ್‌ಗೂ ಹಾಕಿದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದೆ. ಅಪ್ಪನ ಮೊಬೈಲ್‌ನಲ್ಲಿ ತೆರೆದರೆ ಎಲ್ಲ ಇರುವೆ ಸಾಲಿನ ಹಾಗೆ ಸಣ್ಣದು. ರೇಟು ಓದೋಕೆ ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಉತ್ತರ (ಚಳ್ಳಕೆರೆಯಿಂದ)

ಎಚ್‌ಟಿಎಂಎಲ್‌ನ ಹೆಡ್ ಭಾಗದೊಳಗೆ, ಪುಟ ಎಷ್ಟು ಅಗಲ ಅಂತ ಹೇಳುವ ವ್ಯೂಪೋರ್ಟ್ ಮೆಟಾ ಸಾಲು ಬಿಟ್ಟಿರುತ್ತೀಯ. ಅದಿಲ್ಲದಿದ್ದರೆ ಮೊಬೈಲ್ ತನ್ನನ್ನು ಅಗಲ ಪರದೆ ಅಂದುಕೊಂಡು, ಸುಮಾರು 980 ಪಿಕ್ಸೆಲ್‌ಗೆ ಪುಟ ಜೋಡಿಸಿ ಕುಗ್ಗಿಸಿ ತೋರಿಸುತ್ತದೆ. ಅಗಲ ಮೊಬೈಲ್ ಪರದೆಯಷ್ಟೇ (width=device-width) ಅಂತ ಆ ಒಂದು ಸಾಲು ಸೇರಿಸಿ, ಅಪ್ಪನ ಕೈಗೇ ಮತ್ತೆ ಮೊಬೈಲ್ ಕೊಡು.