ರೀಸೇಲ್ ಫ್ಲ್ಯಾಟ್: ಬಿಲ್ಡರ್‌ನ ಐದು ವರ್ಷದ ಹೊಣೆ ನಮಗೂ ಸಿಗುತ್ತದಾ?

ಹೇಮಾವತಿ_ದಡ:
ಎಲ್ಲರಿಗೂ ನಮಸ್ಕಾರ. ಯಲಹಂಕದ ಹತ್ತಿರ ಎರಡು ಬೆಡ್‌ರೂಮಿನ ರೀಸೇಲ್ ಫ್ಲ್ಯಾಟ್ ನೋಡಿದ್ದೇವೆ. ಮೂರನೇ ಮಹಡಿ. ಅತ್ತೆಗಂತೂ ಬಾಲ್ಕನಿ ತುಂಬ ಇಷ್ಟವಾಗಿದೆ. ಮೊದಲ ಸಲ ಹೋದಾಗ ಎಲ್ಲಾ ಚೆನ್ನಾಗಿತ್ತು. ಎರಡನೇ ಸಲ ಹೋದಾಗ ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಮಕ್ಕಳ ರೂಮಿನ ಬೀರು ಹಿಂದೆ ಕೈ ಇಟ್ಟರೆ ಗೋಡೆ ಒದ್ದೆ, ಬಣ್ಣ ಉಬ್ಬಿದೆ. ಬಾತ್‌ರೂಮಿನ ಸೀಲಿಂಗಲ್ಲಿ ತಟ್ಟೆಯಗಲ ಹಳದಿ ಕಲೆ.

ಮಾರುವವರು ಏನೂ ಮುಚ್ಚಿಡಲಿಲ್ಲ. "2022ರ ಆಗಸ್ಟ್‌ನಲ್ಲಿ ಕೀ ಕೊಟ್ಟರು. ಐದು ವರ್ಷ ಬಿಲ್ಡರೇ ರಿಪೇರಿ ಮಾಡಿಕೊಡಬೇಕು, ನೀವು ತಗೊಂಡ ಮೇಲೆ ನೀವೇ ಕೇಳಬಹುದು" ಅಂತಾರೆ. ಬ್ರೋಕರ್ ಮಾತ್ರ, ಅದು ಮೊದಲು ಕೊಂಡವರಿಗಷ್ಟೇ ಅಂತಾರೆ. ಶುಕ್ರವಾರ ಅಗ್ರಿಮೆಂಟ್. ಇಪ್ಪತ್ತು ವರ್ಷದ ಸಾಲ ತಲೆ ಮೇಲೆ ಹೊರುತ್ತಿದ್ದೇವೆ, ಭಯವಾಗುತ್ತಿದೆ. ಯಾರ ಮಾತು ಸರಿ?

ಕೆಂಗೇರಿ_ಮನೆ:
ಅಕ್ಕ, ಬ್ರೋಕರ್ ಹೇಳಿದ್ದು ತಪ್ಪು. ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ 2016ರ ಸೆಕ್ಷನ್ 14(3) ಓದಿ. ಕಟ್ಟಡದ ದೋಷ, ಕೆಲಸದ ಗುಣಮಟ್ಟದ ದೋಷ ಯಾವುದೇ ಇರಲಿ, ಪೊಸೆಷನ್ (ಮನೆಯ ಸ್ವಾಧೀನ) ಕೊಟ್ಟ ಐದು ವರ್ಷದೊಳಗೆ ತಿಳಿಸಿದರೆ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಲ್ಲೇ ಸರಿಮಾಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಸೆಕ್ಷನ್ 2(ಡಿ) ಪ್ರಕಾರ ಆಮೇಲೆ ಕೊಂಡವರೂ 'ಅಲಾಟೀ'ಗಳೇ, ಅಂದರೆ ಈ ಹಕ್ಕು ಇರುವ ಮನೆ ಪಡೆದವರೇ. ಬಾಡಿಗೆಯವರು ಮಾತ್ರ ಇದರಲ್ಲಿ ಸೇರುವುದಿಲ್ಲ. ಆದರೆ ಐದು ವರ್ಷದ ಲೆಕ್ಕ ಮೊದಲ ಪೊಸೆಷನ್‌ನಿಂದಲೇ. ನಿಮ್ಮ ರಿಜಿಸ್ಟ್ರೇಷನ್‌ನಿಂದ ಹೊಸದಾಗಿ ಶುರುವಾಗುವುದಿಲ್ಲ.

ನಾನೂ ರೀಸೇಲ್ ತಗೊಂಡವನು. ಸೋರುತ್ತಿದೆ ಅಂತ ಸೈಟ್ ಎಂಜಿನಿಯರ್‌ಗೆ ಏಳು ತಿಂಗಳು ಬರೀ ಫೋನ್ ಮಾಡಿದೆ. ಪ್ರತಿ ಸಲ "ಮುಂದಿನ ವಾರ ಹುಡುಗರನ್ನ ಕಳಿಸ್ತೀನಿ ಸಾರ್" ಅನ್ನುತ್ತಿದ್ದರು. ನಂಬಿದೆ. ಅಷ್ಟರಲ್ಲಿ ಐದು ವರ್ಷ ಮುಗಿದಿತ್ತು. ಬರವಣಿಗೆಯಲ್ಲಿ ಒಂದು ಸಾಲೂ ನನ್ನ ಹತ್ತಿರ ಇರಲಿಲ್ಲ. 85 ಸಾವಿರ ಕೈಯಿಂದ ಹಾಕಿದೆ. ದಯವಿಟ್ಟು ಈಮೇಲ್ ಮಾಡಿ, ಫೋಟೋ ಸಮೇತ. ಇವತ್ತೇ.

ಸಿವಿಲ್_ಮೈಸೂರು:
ನಿಮ್ಮದು ಒಂದು ದೋಷ ಅಲ್ಲ, ಎರಡು ಇರಬಹುದು. ಮಳೆ ಬಂದಾಗ ಒದ್ದೆಯಾಗುವ ಗೋಡೆಗೆ ಹೊರಗಿನ ಪ್ಲಾಸ್ಟರ್ ಬಿರುಕೋ ಕಿಟಕಿ ಅಂಚೋ ಕಾರಣ ಇರುತ್ತದೆ. ಬಾತ್‌ರೂಮ್ ಸೀಲಿಂಗ್ ಕಲೆ ಮೇಲಿನ ಮನೆಯಿಂದ ಬಂದಿರುತ್ತದೆ. ಅವರನ್ನು ಕೇಳಿಕೊಂಡು ಬಾತ್‌ರೂಮಿನ ನೀರು ಹೋಗುವ ಜಾಲರಿ ಮುಚ್ಚಿ, ನೆಲದ ಮೇಲೆ ಒಂದಿಂಚು ನೀರು 24 ಗಂಟೆ ನಿಲ್ಲಿಸಿ. ಕೆಳಗೆ ಕಲೆ ಹಸಿಯಾದರೆ ವಾಟರ್‌ಪ್ರೂಫಿಂಗ್ ಹೋಗಿದೆ ಅಂತ ಅರ್ಥ. ಒಂದು ಮುಖ್ಯ ವಿಷಯ: ಅವರು ಟೈಲ್ಸ್ ಬದಲಾಯಿಸಿದ್ದಾರಾ ಕೇಳಿ. ಬದಲಾಯಿಸಿದ್ದರೆ ಬಿಲ್ಡರ್ ತಪ್ಪನ್ನು ಮೇಲಿನ ಮನೆಯವರ ಮೇಲೆಯೇ ಹಾಕುತ್ತಾರೆ.

ನಾಗರಬಾವಿ_ರಿಟೈರ್ಡ್:
ಮಗಳೇ, ನಾನು ಹೋದ ವರ್ಷ ಫ್ಲ್ಯಾಟ್ ಮಾರಿದವನು. ಮಾರುವವರಿಗೂ ಕರ್ತವ್ಯ ಇದೆ. ಆಸ್ತಿ ವರ್ಗಾವಣೆ ಕಾಯ್ದೆ 1882ರ ಸೆಕ್ಷನ್ 55(1)(ಎ) ಪ್ರಕಾರ ತಮಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಹೇಳಲೇಬೇಕು. ನಾನು ಬಾಲ್ಕನಿ ಸೋರಿಕೆಯನ್ನು ಅಗ್ರಿಮೆಂಟಿನಲ್ಲೇ ಬರೆಸಿದೆ. ನನಗೂ ನೆಮ್ಮದಿ, ಅವರಿಗೂ. ಬಿಲ್ಡರ್‌ಗೆ ಮೊದಲ ಈಮೇಲ್ ಮಾರುವವರ ಹೆಸರಿನಿಂದಲೇ ಹೋಗಲಿ, ರಿಜಿಸ್ಟ್ರೇಷನ್‌ಗೆ ಮುಂಚೆ. ಪೊಸೆಷನ್ ಲೆಟರ್, ಬಿಲ್ಡರ್ ಜೊತೆಗಿನ ಮೂಲ ಅಗ್ರಿಮೆಂಟ್ ಎರಡನ್ನೂ ಕೈಗೆ ತಗೊಳ್ಳಿ. ರಿಪೇರಿ ಆಗುವವರೆಗೆ ಸ್ವಲ್ಪ ಹಣ ಹಿಡಿದಿಡುವ ಮಾತೂ ಬರೆಸಿ. ಒಳ್ಳೆಯವರಾದರೆ ಒಪ್ಪುತ್ತಾರೆ.

ಹೇಮಾವತಿ_ದಡ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಸಂಜೆ ಮಾರುವವರ ಮನೆಗೇ ಹೋಗಿದ್ದೆವು. ನಮ್ಮೆದುರೇ ಬಿಲ್ಡರ್‌ಗೆ ಈಮೇಲ್ ಕಳಿಸಿದರು, ಒಂಬತ್ತು ಫೋಟೋ ಹಾಕಿ. 1 ಲಕ್ಷ ಹಿಡಿದಿಡಲು ಒಪ್ಪಿದ್ದಾರೆ. ಮೇಲಿನ ಮನೆಯ ಅಜ್ಜಿ ಟೈಲ್ಸ್ ಮುಟ್ಟೇ ಇಲ್ಲವಂತೆ. "ಬನ್ನಿ, ನೀರು ಕಟ್ಟಿ ನೋಡಿ" ಅಂದರು. ಶನಿವಾರ ಬೆಳಿಗ್ಗೆ ಕಟ್ಟುತ್ತೇವೆ. ಅಗ್ರಿಮೆಂಟ್ ಮುಂದಿನ ಬುಧವಾರಕ್ಕೆ ಹಾಕಿದ್ದೇವೆ.