ಅಪ್‌ಡೇಟ್: ಹಸಿರಿಗೆ ತಿರುಗಿದ್ದ ನಮ್ಮ ಷೆಫ್ಲೆರಾ ಗಿಡ

ಅಂಗಳದ ಷೆಫ್ಲೆರಾ ಗಿಡದ ಎಲೆಗಳು ಹಳದಿ ಮಚ್ಚೆಗಳನ್ನು ಕಳೆದುಕೊಂಡು ಹಸಿರಾಗುತ್ತಿರುವುದೇಕೆ ಎಂದು ಜೂನ್ ತಿಂಗಳಲ್ಲಿ ಕೇಳಿದ್ದೆ. ಗೊಬ್ಬರದ ಕೊರತೆಯೆಂಬ ನನ್ನ ಊಹೆ ತಪ್ಪಾಗಿತ್ತು. ನೀವು ಸೂಚಿಸಿದಂತೆ ಕೊಂಬೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಅಪ್ಪಟ ಹಸಿರೆಲೆಗಳೆಲ್ಲವೂ ಬುಡದ ಸಮೀಪದಿಂದ ಹೊರಟ ಎರಡೇ ಕವಲುಗಳಿಗೆ ಸೇರಿದ್ದವೆಂದೂ, ಅವು ಉಳಿದವುಗಳಿಗಿಂತ ಮೊಳದಷ್ಟು ಎತ್ತರ ಬೆಳೆದು ಮಚ್ಚೆಯೆಲೆಗಳಿಗೆ ನೆರಳು ಕವಿಸಿದ್ದವೆಂದೂ ಕಂಡುಬಂತು. ಎಲೆಯ ಹಳದಿ ಭಾಗದಲ್ಲಿ ಪತ್ರಹರಿತ್ತು ಕಡಿಮೆಯಿರುವುದರಿಂದ, ಮೂಲ ಗುಣಕ್ಕೆ ಮರಳಿದ ಹಸಿರು ಕವಲು ಹೆಚ್ಚು ಆಹಾರ ತಯಾರಿಸಿಕೊಂಡು ಬೇಗ ಬೆಳೆಯುತ್ತದೆ. ಹಾಗೆಯೇ ಬಿಟ್ಟರೆ ಇಡೀ ಗಿಡವನ್ನು ಆವರಿಸುತ್ತದೆ. ತುದಿಯನ್ನಷ್ಟೇ ಚಿವುಟಿದರೆ ಕೆಳಗಿನ ಕಣ್ಣುಗಳಿಂದ ಮತ್ತೆ ಹಸಿರೇ ಚಿಗುರುತ್ತದೆಂಬ ಕಾರಣಕ್ಕೆ, ಎರಡನ್ನೂ ಅವು ಹುಟ್ಟಿದ ಜಾಗದಲ್ಲೇ ಕತ್ತರಿಸಿದೆ. ಅಷ್ಟು ಹುಲುಸಾದ ಕೊಂಬೆಗಳಿಗೆ ಕತ್ತರಿ ಹಾಕಲು ಮನಸ್ಸು ಒಪ್ಪಿರಲಿಲ್ಲವೆಂಬುದು ನಿಜ.

ಈಗ ನವೆಂಬರ್. ಕಳೆದ ವಾರ ಬಿಚ್ಚಿಕೊಂಡ ಎಳೆಯ ಎಲೆಗಳಲ್ಲಿ ನಡುನರದ ಇಕ್ಕೆಲಕ್ಕೂ ಬೆಣ್ಣೆಬಣ್ಣದ ಮಚ್ಚೆಗಳು ಸ್ಪಷ್ಟವಾಗಿ ಮೂಡಿವೆ. ಕತ್ತರಿಸಿದ ಜಾಗದಲ್ಲಿ ಒಮ್ಮೆ ಹಸಿರು ಮೊಳಕೆ ಕಾಣಿಸಿತ್ತು. ಅದನ್ನು ಬೆರಳಿನಿಂದಲೇ ಮುರಿದು ತೆಗೆದೆ.

ಪಕ್ಕದ ಹೊಂಬಣ್ಣದ ಡುರಾಂಟಾ ಬೇಲಿ ಹಸಿರಾಗಲು ಮಾತ್ರ ಮಾವಿನ ಮರದ ನೆರಳೇ ಕಾರಣ. ರೆಂಬೆಗಳನ್ನು ಸವರಿಸಿದ ಮೇಲೆ, ಬಿಸಿಲು ಬೀಳುವಷ್ಟು ಉದ್ದಕ್ಕೂ ಹೊಸ ಚಿಗುರು ಹಳದಿಯಾಗಿಯೇ ಬರುತ್ತಿದೆ.